ಮಣ್ಣು ದಾರಿಗೆ ಬೈಕ್: ಯಾವುದು ತಗೋಬೇಕು, ಹೇಗೆ ನೋಡಿಕೋಬೇಕು

ಮಣ್ಣು ದಾರಿಗೆ ಬೈಕ್ ಹುಡುಕುವವರಲ್ಲಿ ಹೆಚ್ಚಿನವರು ಸಿಸಿ ಎಷ್ಟು, ಪವರ್ ಎಷ್ಟು ಅಂತ ಕೇಳುತ್ತಾರೆ. ಮೊದಲು ಕೇಳಬೇಕಾದ್ದು ತೂಕ ಎಷ್ಟು ಅಂತ. ಸಕಲೇಶಪುರದ ಕಡೆಯ ಯಾವುದೋ ಎಸ್ಟೇಟ್ ರಸ್ತೆಯಲ್ಲಿ, ಜುಲೈ ಮಳೆಯಲ್ಲಿ, ಏರಿನ ಮಧ್ಯೆ ಬೈಕ್ ಮಲಗಿದರೆ ಎತ್ತಿಕೊಡಲು ಅಕ್ಕಪಕ್ಕ ಯಾರೂ ಇರುವುದಿಲ್ಲ. ಒಬ್ಬರೇ ಎತ್ತಬೇಕು, ಎತ್ತಿ ಅದೇ ಏರು ಹತ್ತಿಸಬೇಕು, ಮುಂದಿನ ತಿರುವಿನಲ್ಲಿ ಮತ್ತೆ ಮಲಗಿದರೆ ಮತ್ತೆ ಎತ್ತಬೇಕು. ನಾಲ್ಕನೇ ಸಲಕ್ಕೆ ತೋಳಲ್ಲಿ ಬಲ ಇರುವುದಿಲ್ಲ. ಸುಸ್ತಾದ ಮೇಲೆಯೇ ಪೆಟ್ಟಾಗುವ ಬೀಳುಗಳು ಬೀಳುವುದು.

ಹಾಗಾಗಿ ಶೋರೂಮ್‌ಗೆ ಹೋದಾಗ ಎರಡು ಕೆಲಸ ಮಾಡಿ. ಬೈಕ್ ಮೇಲೆ ಕೂತು ಎರಡೂ ಕಾಲಿನ ಮುಂಗಾಲಾದರೂ ಗಟ್ಟಿಯಾಗಿ ನೆಲಕ್ಕೆ ತಾಗುತ್ತಾ ನೋಡಿ. ಆಮೇಲೆ ಇಳಿದು, ಪಕ್ಕದಲ್ಲಿ ನಿಂತು, ಇಂಜಿನ್ ಆಫ್ ಮಾಡಿ ಹಿಂದಕ್ಕೂ ಮುಂದಕ್ಕೂ ತಳ್ಳಿ ನೋಡಿ. ಅಲ್ಲಿನ ಸಮತಟ್ಟಾದ ಟೈಲ್ಸ್ ಮೇಲೆಯೇ ಭಾರ ಅನ್ನಿಸಿದರೆ ಕೆಸರಲ್ಲಿ ಅದು ನಿಮ್ಮ ಮಾತು ಕೇಳುವುದಿಲ್ಲ.

ನಾನಿಲ್ಲಿ ಹೇಳುತ್ತಿರುವುದು ಹಗುರವಾದ ಆಫ್‌ರೋಡ್ ಬಗ್ಗೆ. ಕಾಫಿ ತೋಟದ ದಾರಿ, ಹೊಲದ ಬಂಡಿ ಜಾಡು, ಡಾಂಬರು ಕಿತ್ತುಹೋದ ಘಾಟಿ ರಸ್ತೆ, ಸಣ್ಣ ಹಳ್ಳ ದಾಟುವ ಕಚ್ಚಾ ರಸ್ತೆ, ಇಷ್ಟೇ. ಜಂಪ್ ಮಾಡುವುದು, ರೇಸ್ ಓಡುವುದು ಬೇರೆಯೇ ಲೋಕ, ಅದಕ್ಕೆ ಬೇರೆ ಬೈಕ್, ಬೇರೆ ತರಬೇತಿ ಬೇಕು.

ಮೊದಲು ನಿಮ್ಮ ಮಣ್ಣು ಯಾವುದು ನೋಡಿ

ಕರ್ನಾಟಕದಲ್ಲೇ ಮೂರು ನಾಲ್ಕು ಬಗೆಯ ನೆಲ ಇದೆ, ಒಂದೊಂದೂ ಬೈಕನ್ನು ಒಂದೊಂದು ರೀತಿ ಕಾಡುತ್ತದೆ. ಮಲೆನಾಡು, ಕರಾವಳಿಯಲ್ಲಿ ಜಂಬಿಟ್ಟಿಗೆಯ ಕೆಂಪು ಮಣ್ಣು. ಒಣಗಿದಾಗ ಅಡಿಯಲ್ಲಿ ಗಟ್ಟಿ, ಮೇಲೆ ಸಣ್ಣ ಸಣ್ಣ ಹರಳು, ಆ ಹರಳಿನ ಮೇಲೆ ಮುಂದಿನ ಬ್ರೇಕ್ ಜೋರಾಗಿ ಹಿಡಿದರೆ ಚಕ್ರ ಜಾರುವುದು ಖಂಡಿತ. ಮಳೆಗಾಲದಲ್ಲಿ ಮೇಲ್ಪದರ ನುಣ್ಣಗಾಗುತ್ತೆ, ಕಲ್ಲಿನ ಮೇಲೆ ಪಾಚಿ ಕಟ್ಟುತ್ತೆ, ತರಗೆಲೆಯ ಅಡಿಯಲ್ಲಿ ಏನಿದೆ ಅಂತ ಕಾಣುವುದಿಲ್ಲ. ಇಲ್ಲಿ ಬೇಕಾದ್ದು ಒಳ್ಳೆ ಟೈರ್ ಮತ್ತು ನಿಧಾನಕ್ಕೆ ಎಳೆಯುವ ಇಂಜಿನ್.

ಗದಗ, ವಿಜಯಪುರ, ಕಲಬುರಗಿ ಕಡೆಯ ಎರೆ ಮಣ್ಣಿನ ಕಥೆಯೇ ಬೇರೆ. ಬೇಸಿಗೆಯಲ್ಲಿ ಅದರ ಮೇಲೆ ಎಲ್ಲಿ ಬೇಕಾದರೂ ಓಡಿಸಬಹುದು. ಒಂದು ಮಳೆ ಬಿದ್ದರೆ ಮಣ್ಣು ಟೈರಿಗೆ ಮೆತ್ತಿಕೊಳ್ಳುತ್ತೆ, ಪದರದ ಮೇಲೆ ಪದರ ಏರಿ ಟೈರ್ ಮತ್ತು ಮಡ್‌ಗಾರ್ಡ್ ನಡುವಿನ ಸಂದು ತುಂಬುತ್ತೆ, ಕೊನೆಗೆ ಮುಂದಿನ ಚಕ್ರ ತಿರುಗದೆ ನಿಂತೇಬಿಡುತ್ತೆ. ಆಗ ಕಡ್ಡಿ ಹಿಡಿದು ಕೆರೆಯುವುದೊಂದೇ ದಾರಿ. ಆ ಸೀಮೆಯವರು ಮುಂದಿನ ಮಡ್‌ಗಾರ್ಡ್ ಟೈರಿಗಿಂತ ಎಷ್ಟು ಎತ್ತರದಲ್ಲಿದೆ ಅನ್ನುವುದನ್ನು ನೋಡಿಯೇ ಬೈಕ್ ಆರಿಸಬೇಕು. ಮಳೆ ಬಿದ್ದ ದಿನ ಹೊಲದ ದಾರಿಗೆ ಇಳಿಯಬೇಡಿ, ಒಂದೆರಡು ದಿನ ಬಿಸಿಲು ಬೀಳಲಿ.

ಕೋಲಾರ, ತುಮಕೂರು, ಚಿತ್ರದುರ್ಗದ ಕಡೆ ಗರಸು, ಬಂಡೆ ಮತ್ತು ಜಾಲಿ ಮುಳ್ಳು. ಇಲ್ಲಿ ಪಂಚರ್ ದೊಡ್ಡ ತಲೆನೋವು. ಟ್ಯೂಬ್‌ಲೆಸ್ ಟೈರ್ ಇದ್ದರೆ ಐದು ನಿಮಿಷದ ಕೆಲಸ, ಟ್ಯೂಬ್ ಇದ್ದರೆ ಚಕ್ರ ಬಿಚ್ಚಬೇಕು.

ಯಾವ ಬೈಕ್

ನಮ್ಮಲ್ಲಿ ಕೈಗೆಟುಕುವ ಬೆಲೆಗೆ ನಿಜವಾಗಿ ಮಣ್ಣಿಗೆ ಅಂತಲೇ ಮಾಡಿದ ಬೈಕುಗಳು ಕಮ್ಮಿ. 2011ರಲ್ಲಿ ಹೀರೋ ಇಂಪಲ್ಸ್ ಬಂತು, 150 ಸಿಸಿ, ಓಡಿಸಿದವರು ಇಷ್ಟಪಟ್ಟರು, ಆದರೆ ಮಾರಾಟ ಆಗಲಿಲ್ಲ, ನಿಂತುಹೋಯಿತು. 2019ರಲ್ಲಿ ಅದೇ ಕಂಪನಿಯ ಎಕ್ಸ್‌ಪಲ್ಸ್ 200 ಬಂದ ಮೇಲೆ ಚಿತ್ರ ಬದಲಾಯಿತು. ಮುಂದೆ 21 ಇಂಚಿನ ಚಕ್ರ, ಹಿಂದೆ 18, ಎರಡೂ ಸ್ಪೋಕ್, ಬೈಕಿನ ತಳ ನೆಲದಿಂದ 220 ಮಿಲಿಮೀಟರ್ ಎತ್ತರ, ತೂಕ ಸುಮಾರು 160 ಕೆಜಿ. ಹೊಸದಾಗಿ ಶುರು ಮಾಡುವವರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಇದನ್ನೇ. ಹೈವೇಯಲ್ಲಿ ನೂರರ ಮೇಲೆ ಉಸಿರು ಕಟ್ಟುತ್ತೆ ಅನ್ನುವುದು ನಿಜ, ಆದರೆ ತೋಟದ ದಾರಿಯಲ್ಲಿ ಯಾರೂ ನೂರರಲ್ಲಿ ಹೋಗುವುದಿಲ್ಲ, ಅಲ್ವಾ? 2025ರಲ್ಲಿ ಬಂದ ಎಕ್ಸ್‌ಪಲ್ಸ್ 210ರಲ್ಲಿ ಲಿಕ್ವಿಡ್ ಕೂಲ್ಡ್ ಇಂಜಿನ್ ಇದೆ, ಹೈವೇಯಲ್ಲಿ ಹೆಚ್ಚು ಆರಾಮ.

ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 2016ರಲ್ಲಿ 411 ಸಿಸಿ ಇಂಜಿನ್‌ನೊಂದಿಗೆ ಬಂತು. ಸೀಟು 800 ಮಿ.ಮೀ., ಅಂದರೆ ಸಾಧಾರಣ ಎತ್ತರದವರಿಗೂ ಕಾಲು ಸಿಗುತ್ತೆ, ಇಂಜಿನ್ ಕೆಳಗಿನಿಂದಲೇ ನಿಧಾನಕ್ಕೆ ಎಳೆಯುತ್ತೆ. ಆದರೆ ತೂಕ 200 ಕೆಜಿಯ ಹತ್ತಿರ. 2023ರ ಕೊನೆಗೆ ಬಂದ 452 ಸಿಸಿಯ ಹೊಸ ಹಿಮಾಲಯನ್ ಬಲದಲ್ಲಿ ಬಹಳ ಮುಂದಿದೆ, ತೂಕದಲ್ಲಿ ಹೆಚ್ಚು ಕಮ್ಮಿ ಅದೇ. ಬೆಂಗಳೂರಿನಿಂದ ಚಿಕ್ಕಮಗಳೂರಿನವರೆಗೆ ಹೈವೇ, ಅಲ್ಲಿಂದ ಮುಂದೆ ಅರ್ಧ ದಿನ ಮಣ್ಣು, ಮತ್ತೆ ವಾಪಸ್, ಇದು ನಿಮ್ಮ ಪದ್ಧತಿ ಆದರೆ ಹಿಮಾಲಯನ್ ಸರಿ. ವಾರವಿಡೀ ಊರಲ್ಲೇ ಇದ್ದು ಸುತ್ತಮುತ್ತಲ ದಾರಿಯಲ್ಲೇ ಓಡಿಸುವವರಿಗೆ ಆ ಭಾರ ಬೇಡ.

ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್ 250 ಸಿಸಿ, 167 ಕೆಜಿ, ನೆಲದಿಂದ 205 ಮಿ.ಮೀ., ಮುಂದೆ 19 ಇಂಚಿನ ಅಲಾಯ್ ಚಕ್ರ. ನೂರಕ್ಕೆ ಎಂಬತ್ತು ಪಾಲು ಡಾಂಬರು, ಇಪ್ಪತ್ತು ಪಾಲು ಜಲ್ಲಿ ರಸ್ತೆ ಇರುವವರಿಗೆ ಚೆನ್ನಾಗಿ ಹೊಂದುತ್ತೆ. ಅಲಾಯ್ ಚಕ್ರದಲ್ಲಿ ಪಂಚರ್ ಹಾಕುವುದು ಸುಲಭ, ಆದರೆ ಕಲ್ಲಿಗೆ ಗಟ್ಟಿಯಾಗಿ ಹೊಡೆದರೆ ಸೀಳು ಬಿಡುವ ಭಯ ಇರುತ್ತೆ. ಸ್ಪೋಕ್ ಚಕ್ರ ಬಾಗುತ್ತೆ, ಬಾಗಿದ್ದನ್ನು ತಾಲ್ಲೂಕು ಕೇಂದ್ರದ ಹಳೇ ಸೈಕಲ್ ಶಾಪಿನವರೂ ಔಟ್ ತೆಗೆದು ಕೊಡುತ್ತಾರೆ.

ಕೈಯಲ್ಲಿರುವ ನೂರು ನೂರೈವತ್ತು ಸಿಸಿ ಬೈಕೂ ಸಾಕಾಗಬಹುದು. ಮಲೆನಾಡಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು, ಗೊಬ್ಬರದ ಮೂಟೆ ಹೇರಿಕೊಂಡು ಸ್ಪ್ಲೆಂಡರ್, ಟಿವಿಎಸ್ ಎಕ್ಸ್‌ಎಲ್‌ನಲ್ಲಿ ದಿನಾ ಹೋಗುವ ದಾರಿಗಳನ್ನು ನೋಡಿದರೆ ಇದು ಅರ್ಥವಾಗುತ್ತೆ. ಹಿಂದಕ್ಕೆ ಒಂದು ಬಟನ್ ಟೈರ್ (ಮಣ್ಣು ಹಿಡಿಯಲು ಉಬ್ಬು ಗುಂಡಿಗಳಿರುವುದು) ಹಾಕಿಸಿ ಒಂದು ಮಳೆಗಾಲ ಓಡಿಸಿ. ಆಮೇಲೆ ನಿಮಗೆ ಏನು ಕಮ್ಮಿ ಬಿತ್ತು ಅನ್ನುವುದು ನಿಮಗೇ ತಿಳಿಯುತ್ತೆ.

ಬಜೆಟ್ ಲೆಕ್ಕ ಹಾಕುವಾಗ ಇನ್ನೊಂದು ವಿಷಯ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ 18 ಪರ್ಸೆಂಟ್, ಅದಕ್ಕೂ ಮೇಲಾದರೆ 40 ಪರ್ಸೆಂಟ್. ಸಣ್ಣ ಬೈಕ್ ತಗೊಂಡು ಉಳಿದ ದುಡ್ಡನ್ನು ಟೈರ್, ಬೂಟು, ತರಬೇತಿಗೆ ಹಾಕಿದರೆ ಆ ದುಡ್ಡು ನಿಜವಾಗಿ ಕೆಲಸಕ್ಕೆ ಬರುತ್ತೆ.

ಸೆಕೆಂಡ್ ಹ್ಯಾಂಡ್ ಆದರೆ

ಇಂಥ ಬೈಕುಗಳನ್ನು ಮಾರುವ ಮುಂಚೆ ಮೇಲೆ ಚೆನ್ನಾಗಿ ತೊಳೆದು ಪಾಲಿಶ್ ಹೊಡೆದಿರುತ್ತಾರೆ. ನೀವು ಕೆಳಗೆ ಬಗ್ಗಿ ನೋಡಿ. ಇಂಜಿನ್ ಅಡಿಯ ಬ್ಯಾಶ್ ಪ್ಲೇಟ್‌ನಲ್ಲಿ ಗೀರು ಇರುವುದು ತಪ್ಪಲ್ಲ, ಅದು ಇರುವುದೇ ಪೆಟ್ಟು ತಿನ್ನಲು. ಆದರೆ ಪ್ಲೇಟ್ ಒಳಕ್ಕೆ ತಗ್ಗಿ ಇಂಜಿನ್‌ಗೆ ತಾಗಿದ್ದರೆ, ಇಂಜಿನ್ ಕೇಸ್ ಮೇಲೆ ಎಂ-ಸೀಲ್ ಮೆತ್ತಿದ ಗುರುತು ಇದ್ದರೆ ಬಿಟ್ಟುಬಿಡಿ.

ಏರ್ ಫಿಲ್ಟರ್ ಬಿಚ್ಚಿಸಿ, ಫಿಲ್ಟರ್ ಅಲ್ಲ, ಅದರ ಹಿಂದೆ ಇಂಜಿನ್ ಕಡೆಗಿನ ಭಾಗಕ್ಕೆ ಬೆರಳು ಹಾಕಿ ಒರೆಸಿ. ಬೆರಳಿಗೆ ಧೂಳು ಬಂದರೆ ಆ ಇಂಜಿನ್ ಒಳಗೆ ಮಣ್ಣು ಹೋಗಿದೆ ಅಂತಲೇ ಲೆಕ್ಕ, ಎಷ್ಟೇ ಕಮ್ಮಿ ಬೆಲೆಗೆ ಸಿಕ್ಕರೂ ಬೇಡ. ಇನ್ನು, ಮುಂದಿನ ಚಕ್ರ ನೆಲ ಬಿಡುವ ಹಾಗೆ ಬೈಕ್ ನಿಲ್ಲಿಸಿ ಹ್ಯಾಂಡಲ್ ನಿಧಾನಕ್ಕೆ ಎಡಕ್ಕೂ ಬಲಕ್ಕೂ ತಿರುಗಿಸಿ. ಸರಿ ನಡುವಿನಲ್ಲಿ ಸಣ್ಣಗೆ ಕಚ್ಚಿ ನಿಂತರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಹೋಗಿದೆ. ಅದು ದೊಡ್ಡ ಖರ್ಚಲ್ಲ, ಆದರೆ ಬೆಲೆ ಇಳಿಸಲು ಸಾಕು.

ತಗೊಂಡ ಮೇಲೆ ಮೊದಲ ಖರ್ಚು

ಕ್ರ್ಯಾಶ್ ಗಾರ್ಡ್, ಲೈಟು, ಬ್ಯಾಗು ಅಂತ ಮೊದಲ ತಿಂಗಳೇ ಹತ್ತು ಕೆಜಿ ಕಬ್ಬಿಣ ಏರಿಸಬೇಡಿ. ಹಗುರ ಬೈಕ್ ಬೇಕು ಅಂತ ತಗೊಂಡು ಅದನ್ನೇ ಭಾರ ಮಾಡಿದ ಹಾಗಾಗುತ್ತೆ. ಬೇಕಾದ್ದು ಗಟ್ಟಿ ಬ್ಯಾಶ್ ಪ್ಲೇಟ್, ಒಳಗೆ ಲೋಹದ ಪಟ್ಟಿ ಇರುವ ಹ್ಯಾಂಡ್ ಗಾರ್ಡ್ ಮತ್ತು ಹಲ್ಲಿರುವ ಫುಟ್‌ಪೆಗ್. ರಬ್ಬರ್ ಫುಟ್‌ಪೆಗ್ ಇದ್ದರೆ ರಬ್ಬರ್ ತೆಗೆದರೂ ಸಾಕು, ಕೆಸರಲ್ಲಿ ಎದ್ದು ನಿಂತು ಓಡಿಸುವಾಗ ಕಾಲು ಜಾರುವುದಿಲ್ಲ.

ದುಡ್ಡಿಲ್ಲದೆ ಆಗುವ ಒಂದು ಕೆಲಸ ಹೇಳುತ್ತೇನೆ. ಕ್ಲಚ್ ಮತ್ತು ಬ್ರೇಕ್ ಲಿವರ್ ಹಿಡಿದಿರುವ ಕ್ಲ್ಯಾಂಪ್ ಬಿಚ್ಚಿ, ಹ್ಯಾಂಡಲ್ ಮೇಲೆ ಆ ಜಾಗಕ್ಕೆ ಪ್ಲಂಬರ್‌ಗಳು ನಲ್ಲಿಗೆ ಸುತ್ತುವ ಬಿಳಿ ಟೇಪ್ ಎರಡು ಮೂರು ಸುತ್ತು ಸುತ್ತಿ. ಮತ್ತೆ ಕ್ಲ್ಯಾಂಪ್ ಹಾಕಿ, ಓಡಿಸುವಾಗ ಅಲುಗದಷ್ಟು, ಆದರೆ ಅಂಗೈಯಿಂದ ಜೋರಾಗಿ ಗುದ್ದಿದರೆ ತಿರುಗುವಷ್ಟು ಮಾತ್ರ ಬಿಗಿ ಮಾಡಿ. ಬೈಕ್ ಬಿದ್ದಾಗ ಲಿವರ್ ಮುರಿಯುವ ಬದಲು ತಿರುಗಿಕೊಳ್ಳುತ್ತೆ. ಕಾಡಂಚಿನಲ್ಲಿ ಕ್ಲಚ್ ಲಿವರ್ ಮುರಿದರೆ ಮನೆ ತಲುಪುವುದು ಎಷ್ಟು ಕಷ್ಟ ಅನ್ನುವುದು ಅಲ್ಲಿ ಸಿಕ್ಕಿಬಿದ್ದವರಿಗೆ ಗೊತ್ತು.

ಸೈಲೆನ್ಸರ್ ಬದಲಾಯಿಸುವುದಂತೂ ಬೇಡವೇ ಬೇಡ. ಕಾನೂನಿಗೆ ವಿರುದ್ಧ, ಅದಕ್ಕಿಂತ ಹೆಚ್ಚಾಗಿ ಊರವರಿಗೂ ಪ್ರಾಣಿಗಳಿಗೂ ಹಿಂಸೆ. ಜೋರು ಸದ್ದಿನ ಒಂದು ಗುಂಪು ಹೋದರೆ ಮಾರನೇ ವಾರ ಆ ದಾರಿಗೆ ಗೇಟು ಬೀಳುತ್ತೆ.

ಮೈಮೇಲೆ ಹೆಲ್ಮೆಟ್, ಗ್ಲೌಸ್, ನೀ ಗಾರ್ಡ್, ಹರಡು ಮುಚ್ಚುವ ಗಟ್ಟಿ ಬೂಟು ಇರಲೇಬೇಕು. ಎಲ್ಲದಕ್ಕೂ ಒಟ್ಟಿಗೆ ದುಡ್ಡಿಲ್ಲ ಅಂದರೆ ಮೊದಲು ಹೆಲ್ಮೆಟ್, ಅದಾದ ಮೇಲೆ ಬೂಟು. ಸಣ್ಣ ಬೀಳಿನಲ್ಲಿ ಬೈಕಿನ ಅಡಿಗೆ ಸಿಕ್ಕಿಕೊಳ್ಳುವುದು ಪಾದವೇ.

ತರಬೇತಿಗೆ ಒಂದು ದಿನ ಕೊಟ್ಟರೆ ಬಹಳ ಲಾಭ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿ ಅನ್ನುವ ಬಹಳ ಕಠಿಣವಾದ ಆಫ್‌ರೋಡ್ ರೇಸ್ ಮುಗಿಸಿದ ಮೊದಲ ಭಾರತೀಯ. ಅವರು ಕೋಲಾರದ ಹತ್ತಿರ ಕಟ್ಟಿದ ಬಿಗ್ ರಾಕ್ ಡರ್ಟ್‌ಪಾರ್ಕ್‌ನಲ್ಲಿ ಹೊಸಬರಿಗೂ ಕಲಿಸುತ್ತಾರೆ. ಎದ್ದು ನಿಂತು ಓಡಿಸುವುದು, ಇಳಿಜಾರಿನಲ್ಲಿ ಬ್ರೇಕ್ ಹಿಡಿಯುವುದು, ಬಿದ್ದ ಬೈಕ್ ಎತ್ತುವುದು, ಇವೆಲ್ಲ ಹೇಳಿಕೊಡುವವರ ಮುಂದೆ ಕಲಿತರೆ ಚೆನ್ನ.

ಎತ್ತುವ ವಿಧಾನ ಇಲ್ಲೇ ಹೇಳಿಬಿಡುತ್ತೇನೆ. ಮೊದಲು ಇಂಜಿನ್ ಆಫ್, ಸಾಧ್ಯವಾದರೆ ಗೇರಿಗೆ ಹಾಕಿ, ಹಿಂದಕ್ಕೆ ಜಾರುವುದಿಲ್ಲ. ಬಲಕ್ಕೆ ಬಿದ್ದಿದ್ದರೆ ಎತ್ತುವ ಮೊದಲೇ ಸೈಡ್ ಸ್ಟ್ಯಾಂಡ್ ಹೊರಗೆ ಎಳೆಯಿರಿ, ಇಲ್ಲದಿದ್ದರೆ ಎತ್ತಿದ ರಭಸಕ್ಕೆ ಆಕಡೆ ಬೀಳುತ್ತೆ. ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಫ್ರೇಮ್ ಹಿಡಿದು, ಸಣ್ಣ ಹೆಜ್ಜೆ ಇಡುತ್ತಾ ಹಿಂದಕ್ಕೆ ತಳ್ಳಿ. ಬಲವೆಲ್ಲ ತೊಡೆಯಿಂದ ಬರಬೇಕು, ಸೊಂಟದಿಂದ ಅಲ್ಲ.

ಹೊರಡುವ ಮುಂಚೆ

ಟೈರ್ ಗಾಳಿ. ಇದೊಂದನ್ನು ಸರಿ ಮಾಡಿಕೊಂಡರೆ ಬೈಕ್ ಬೇರೆಯೇ ಆದ ಹಾಗೆ ಅನ್ನಿಸುತ್ತೆ. ಡಾಂಬರಿಗೆ ಕಂಪನಿ ಹೇಳಿದಷ್ಟು ಇರಲಿ. ಮಣ್ಣಿಗೆ ಇಳಿಯುವ ಜಾಗದಲ್ಲಿ ನಿಲ್ಲಿಸಿ ಐದಾರು ಪಿಎಸ್‌ಐ ಇಳಿಸಿ, ಇಂಥ ಬೈಕುಗಳಲ್ಲಿ 20ರಿಂದ 22ರ ಆಸುಪಾಸಿಗೆ ಬಂದರೆ ಸಾಕು. ಟೈರ್ ಸ್ವಲ್ಪ ಅಗಲವಾಗಿ ನೆಲ ಹಿಡಿಯುತ್ತೆ, ಕಲ್ಲಿನ ಮೇಲೆ ಪುಟಿಯುವುದು ಕಮ್ಮಿಯಾಗುತ್ತೆ. ಇನ್ನೂ ಇಳಿಸಿದರೆ ಟ್ಯೂಬ್ ರಿಮ್ ಮತ್ತು ಕಲ್ಲಿನ ನಡುವೆ ಸಿಕ್ಕಿ ಎರಡು ಕಡೆ ತೂತಾಗುತ್ತೆ. ವಾಪಸ್ ಡಾಂಬರಿಗೆ ಬಂದ ಕೂಡಲೇ ಗಾಳಿ ತುಂಬಿಸಬೇಕು, ಹಾಗಾಗಿ ಸಣ್ಣ ಪಂಪು ಮತ್ತು ಗೇಜು ಬ್ಯಾಗಿನಲ್ಲಿ ಇರಲೇಬೇಕು.

ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಸ್ವಿಚ್ ಇದ್ದರೆ ಮಣ್ಣಿನಲ್ಲಿ ಹಿಂದಿನ ಚಕ್ರಕ್ಕೆ ಮಾತ್ರ ಆಫ್ ಮಾಡಿ. ಉದುರು ಮಣ್ಣಿನ ಇಳಿಜಾರಿನಲ್ಲಿ ಎಬಿಎಸ್ ಬ್ರೇಕ್ ಬಿಟ್ಟು ಬಿಟ್ಟು ಹಿಡಿಯುವುದರಿಂದ ಬೈಕ್ ನಿಲ್ಲುವುದೇ ಇಲ್ಲ ಅನ್ನಿಸುತ್ತೆ. ರಸ್ತೆಗೆ ಬಂದ ಮೇಲೆ ಮತ್ತೆ ಆನ್ ಆಗಿದೆಯಾ ಅಂತ ಡಿಸ್‌ಪ್ಲೇ ನೋಡಿ.

ಬ್ಯಾಗಿನಲ್ಲಿ ಮುಂದಿನ ಸೈಜಿನ ಟ್ಯೂಬ್ ಒಂದು (ತೀರಾ ಅಗತ್ಯ ಬಿದ್ದರೆ ಹಿಂದಕ್ಕೂ ತುರುಕಿ ನಿಧಾನಕ್ಕೆ ಊರು ಸೇರಬಹುದು), ಟೈರ್ ಲಿವರ್, ಆಕ್ಸಲ್ ಬಿಚ್ಚುವ ಸ್ಪ್ಯಾನರ್, ಚೈನ್ ಲಾಕ್ (ತುಂಡಾದ ಚೈನ್ ಜೋಡಿಸುವ ಕೊಂಡಿ), ಕ್ಲಚ್ ಲಿವರ್, ಸ್ಪಾರ್ಕ್ ಪ್ಲಗ್ ಮತ್ತು ಪ್ಲಗ್ ಸ್ಪ್ಯಾನರ್, ಎಂ-ಸೀಲ್, ಬೈಂಡಿಂಗ್ ವೈರ್, ಕೇಬಲ್ ಟೈ ಇಟ್ಟುಕೊಳ್ಳಿ. ಹೊಸ ಕ್ಲಚ್ ಕೇಬಲನ್ನು ಹಳೆಯದರ ಪಕ್ಕದಲ್ಲೇ ಎಳೆದು ಟೈ ಹಾಕಿಟ್ಟರೆ, ಹಳೆಯದು ತುಂಡಾದಾಗ ಎರಡು ತುದಿ ಸಿಕ್ಕಿಸಿದರೆ ಮುಗಿಯಿತು.

ಎಲ್ಲಿ ಓಡಿಸಬಾರದು ಅನ್ನುವುದೂ ಹೊರಡುವ ಮುಂಚೆಯೇ ಗೊತ್ತಿರಬೇಕು. ಮೀಸಲು ಅರಣ್ಯದ ಒಳಗೆ ಅನುಮತಿ ಇಲ್ಲದೆ ಬೈಕ್ ಇಳಿಸುವುದು ಅಪರಾಧ. ಕುದುರೆಮುಖ, ಬಾಬಾಬುಡನ್‌ಗಿರಿಯ ಕಡೆಯ ಹುಲ್ಲುಗಾವಲು ಖಾಲಿ ಗುಡ್ಡದ ಹಾಗೆ ಕಾಣುತ್ತೆ, ಆದರೆ ಆ ತೆಳು ಮಣ್ಣಿನ ಮೇಲೆ ಬಟನ್ ಟೈರ್ ಒಂದು ಗೀರು ಎಳೆದರೆ ಮುಂದಿನ ಮಳೆಗೆ ನೀರು ಅಲ್ಲೇ ಹರಿದು ಕೊರಕಲಾಗುತ್ತೆ. ಖಾಸಗಿ ತೋಟವಾದರೆ ಮಾಲೀಕರನ್ನೋ ತೋಟದ ಲೆಕ್ಕ ನೋಡಿಕೊಳ್ಳುವ ರೈಟರ್ ಅವರನ್ನೋ ಕೇಳಿ ಹೋಗಿ, ತೆಗೆದ ಗೇಟು ಮುಚ್ಚಿ, ಕಣದಲ್ಲಿ ಕಾಫಿ ಒಣಗಿಸಿದ್ದರೆ ಹತ್ತಿರ ಧೂಳೆಬ್ಬಿಸಬೇಡಿ. ಕೇಳಿದರೆ ಹೆಚ್ಚಿನವರು ಇಲ್ಲ ಅನ್ನುವುದಿಲ್ಲ.

ಹಳ್ಳ ದಾಟುವಾಗ

ಮೊದಲು ಇಳಿದು ನಡೆದು ನೋಡಿ. ಮೊಣಕಾಲು ಮುಳುಗಿದರೆ, ಅಥವಾ ಹರಿವು ನಿಮ್ಮನ್ನೇ ತಳ್ಳುತ್ತಿದ್ದರೆ ವಾಪಸ್ ತಿರುಗಿ. ಮಲೆನಾಡಿನ ಹಳ್ಳ ಮೇಲೆಲ್ಲೋ ಮಳೆಯಾದರೆ ಅರ್ಧ ಗಂಟೆಯಲ್ಲಿ ಏರುತ್ತೆ, ಹೋಗುವಾಗ ಇದ್ದ ನೀರು ಬರುವಾಗ ಇರುವುದಿಲ್ಲ.

ನೀರಿನ ಮಧ್ಯೆ ಇಂಜಿನ್ ನಿಂತರೆ ಸೆಲ್ಫ್ ಒತ್ತಲೇಬೇಡಿ. ಸಿಲಿಂಡರ್ ಒಳಗೆ ನೀರು ಹೋಗಿದ್ದರೆ ಅದನ್ನು ಗಾಳಿಯ ಹಾಗೆ ಅದುಮಲು ಆಗುವುದಿಲ್ಲ, ಪಿಸ್ಟನ್ ಮೇಲೆ ಬಂದಾಗ ಕನೆಕ್ಟಿಂಗ್ ರಾಡ್ ಬಾಗುತ್ತೆ, ಅಲ್ಲಿಗೆ ಇಂಜಿನ್ ಕೆಲಸ. ತಳ್ಳಿಕೊಂಡು ದಡಕ್ಕೆ ಬನ್ನಿ. ಏರ್ ಫಿಲ್ಟರ್ ಒದ್ದೆಯಾಗಿದೆಯಾ ನೋಡಿ. ಪ್ಲಗ್ ಬಿಚ್ಚಿ, ಪ್ಲಗ್ ಕ್ಯಾಪ್ ದೂರ ಇಟ್ಟು, ಆಮೇಲೆ ಇಂಜಿನ್ ತಿರುಗಿಸಿ, ನೀರು ಪ್ಲಗ್ ತೂತಿನಿಂದ ಹಾರಿ ಹೊರಗೆ ಬರುತ್ತೆ. ಎಲ್ಲ ಬಂದ ಮೇಲೆ ಪ್ಲಗ್ ಒರೆಸಿ ಹಾಕಿ. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಬೆರೆತಿದೆ, ಬದಲಾಯಿಸದೆ ದೂರ ಓಡಿಸಬಾರದು. ಹಳ್ಳ ದಾಟಿದ ಮೇಲೆ ಒಂದಷ್ಟು ದೂರ ಬ್ರೇಕನ್ನು ಹಗುರವಾಗಿ ಒತ್ತುತ್ತಾ ಹೋದರೆ ಪ್ಯಾಡ್ ಒಣಗುತ್ತೆ. ಡ್ರಮ್ ಬ್ರೇಕ್ ಆದರೆ ಇನ್ನೂ ಸ್ವಲ್ಪ ಜಾಸ್ತಿ ದೂರ.

ಮನೆಗೆ ಬಂದ ಮೇಲೆ

ಮಣ್ಣು ಒಣಗುವ ಮುಂಚೆ ತೊಳೆಯಿರಿ. ಪ್ರೆಶರ್ ವಾಷರ್ ಮಡ್‌ಗಾರ್ಡ್ ಒಳಗೆ, ಟೈರಿಗೆ, ಬ್ಯಾಶ್ ಪ್ಲೇಟಿಗೆ ಹೊಡೆಯಬಹುದು. ಚಕ್ರದ ಬೇರಿಂಗ್, ಕೋನ್ ಸೆಟ್, ಚೈನ್, ವೈರಿಂಗ್ ಸಾಕೆಟ್‌ಗೆ ಹತ್ತಿರದಿಂದ ಹೊಡೆದರೆ ಗ್ರೀಸ್ ಹೊರಗೆ, ನೀರು ಒಳಗೆ. ವಾಟರ್ ಸರ್ವಿಸ್‌ಗೆ ಕೊಡುವುದಾದರೆ ಪಕ್ಕದಲ್ಲೇ ನಿಂತು ಇದನ್ನು ಹೇಳಿ, ಸೈಲೆನ್ಸರ್ ಬಾಯಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ. ಲಿಕ್ವಿಡ್ ಕೂಲ್ಡ್ ಬೈಕಾದರೆ ರೇಡಿಯೇಟರ್ ಸಂದಿನ ಮಣ್ಣನ್ನು ಸಾಮಾನ್ಯ ಪೈಪಿನ ನೀರಿನಲ್ಲೇ ತೆಗೆಯಿರಿ, ಪ್ರೆಶರ್‌ಗೆ ಅದರ ತೆಳು ರೆಕ್ಕೆಗಳು ಮಡಿಚಿಕೊಳ್ಳುತ್ತವೆ.

ಚೈನಿಗೆ ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್, ಮೆತ್ತನೆ ಬ್ರಷ್. ಪೆಟ್ರೋಲು, ತಂತಿ ಬ್ರಷ್ ಬೇಡ, ಚೈನ್ ಕೊಂಡಿಗಳ ನಡುವಿನ ಒ-ರಿಂಗ್ ಅನ್ನುವ ರಬ್ಬರ್ ಉಂಗುರ ಹಾಳಾಗುತ್ತೆ. ಒರೆಸಿ ಒಣಗಿಸಿ, ಲ್ಯೂಬ್ ಇಲ್ಲವೇ 90 ನಂಬರ್ ಗೇರ್ ಆಯಿಲ್ ಒಳಮಗ್ಗುಲಿಗೆ ಹಾಕಿ, ಜಾಸ್ತಿಯಾದದ್ದನ್ನು ಒರೆಸಿಬಿಡಿ. ಇದನ್ನೆಲ್ಲ ಮಾಡುವಾಗ ಇಂಜಿನ್ ಆಫ್ ಇರಲಿ, ಚಕ್ರ ಕೈಯಲ್ಲೇ ತಿರುಗಿಸಿ. ಇಂಜಿನ್ ಓಡುತ್ತಿರುವಾಗ ಚೈನ್ ಒರೆಸಲು ಹೋಗಿ ಬೆರಳು ಕಳೆದುಕೊಂಡವರಿದ್ದಾರೆ. ಚೈನ್ ಸಡಿಲ ಎಷ್ಟಿರಬೇಕು ಅನ್ನುವುದು ನಿಮ್ಮ ಬೈಕಿನ ಪುಸ್ತಕದಲ್ಲಿದೆ. ಉದ್ದ ಸಸ್ಪೆನ್ಷನ್ ಇರುವ ಬೈಕಿಗೆ ಮಾಮೂಲಿ ಬೈಕಿಗಿಂತ ಸ್ವಲ್ಪ ಜಾಸ್ತಿಯೇ ಸಡಿಲ ಬೇಕು, ಗೊತ್ತಿಲ್ಲದ ಮೆಕ್ಯಾನಿಕ್ ಅದನ್ನು ಬಿಗಿ ಮಾಡಿ ಕೊಡುತ್ತಾರೆ. ಬಿಗಿಯಾದ ಚೈನ್ ಹೊಂಡಕ್ಕೆ ಇಳಿದಾಗಲೆಲ್ಲ ಬೇರಿಂಗ್ ಎಳೆಯುತ್ತೆ.

ಸ್ಪೋಕ್‌ಗೆ ಸಣ್ಣ ಸ್ಪ್ಯಾನರ್‌ನಿಂದ ಒಂದೊಂದಾಗಿ ತಟ್ಟುತ್ತಾ ಚಕ್ರ ತಿರುಗಿಸಿ. ಬಿಗಿ ಇರುವುದು ಟಿಣ್ ಅನ್ನುತ್ತೆ, ಸಡಿಲಾದದ್ದು ಮಂಕಾಗಿ ಟಪ್ ಅನ್ನುತ್ತೆ. ಒಂದು ಸಡಿಲಾದರೆ ಪಕ್ಕದ್ದರ ಮೇಲೆ ಭಾರ ಬಿದ್ದು ಅದೂ ಸಡಿಲಾಗುತ್ತೆ, ಹಾಗಾಗಿ ಒಂದು ಸಿಕ್ಕಾಗಲೇ ಸರಿ ಮಾಡಿಸಿ. ಹೊಸ ಬೈಕಿನ ಮೊದಲ ಕೆಲವು ರೈಡ್ ಆದ ಮೇಲಂತೂ ಇದನ್ನು ಬಿಡಲೇಬೇಡಿ.

ಮುಂದಿನ ಫೋರ್ಕ್‌ನಲ್ಲಿ ಎಣ್ಣೆಯ ಉಂಗುರ ಕಂಡರೆ ತಕ್ಷಣ ಸೀಲ್ ಬದಲಾಯಿಸಲು ಓಡಬೇಡಿ. ಎಷ್ಟೋ ಸಲ ಸೀಲ್ ತುಟಿಗೆ ಮಣ್ಣಿನ ಕಣ ಸಿಕ್ಕಿರುತ್ತೆ ಅಷ್ಟೇ. ಮೇಲಿನ ಡಸ್ಟ್ ಸೀಲ್ ಎತ್ತಿ, ತೆಳು ಪ್ಲಾಸ್ಟಿಕ್ ಪಟ್ಟಿಯನ್ನು ಒಳಗೆ ತೂರಿಸಿ ಸುತ್ತಲೂ ಎಳೆದರೆ ಕಣ ಹೊರಗೆ ಬರುತ್ತೆ. ಒರೆಸಿ ನಾಲ್ಕು ಸಲ ಅದುಮಿ ನೋಡಿ, ಮತ್ತೂ ಎಣ್ಣೆ ಬಂದರೆ ಆಗ ಸೀಲ್. ಆ ಎಣ್ಣೆ ಬ್ರೇಕ್ ಡಿಸ್ಕ್‌ಗೆ ಇಳಿಯಲು ಮಾತ್ರ ಬಿಡಬೇಡಿ.

ಏರ್ ಫಿಲ್ಟರ್ ಬಗೆ ನೋಡಿ ಕೆಲಸ ಮಾಡಿ. ಸ್ಪಂಜಿನದಾದರೆ ಸೀಮೆಎಣ್ಣೆಯಲ್ಲಿ, ಆಮೇಲೆ ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಫಿಲ್ಟರ್ ಎಣ್ಣೆ ಸವರಿ ಹಿಂಡಿ ಹಾಕಬೇಕು. ಒಣ ಕಾಗದದ್ದಾದರೆ ಒಳಗಿನಿಂದ ಹೊರಕ್ಕೆ ಹಗುರವಾಗಿ ಗಾಳಿ ಹೊಡೆಯಬಹುದು. ಎಣ್ಣೆ ಹಾಕಿದ ಕಾಗದದ ಫಿಲ್ಟರಿಗೆ ಗಾಳಿಯನ್ನೂ ಹೊಡೆಯಬಾರದು, ಬದಲಾಯಿಸುವುದೊಂದೇ. ಬೇಸಿಗೆಯಲ್ಲಿ ಗುಂಪಿನ ಹಿಂದೆ ಧೂಳು ಕುಡಿಯುತ್ತಾ ಓಡಿಸಿದರೆ ಕಂಪನಿ ಹೇಳಿದ ಕಿಲೋಮೀಟರಿನ ಅರ್ಧಕ್ಕೇ ಫಿಲ್ಟರ್ ಮುಚ್ಚಿಹೋಗಿರುತ್ತೆ. ಇಂಜಿನ್ ಆಯಿಲನ್ನೂ ಅದೇ ಲೆಕ್ಕದಲ್ಲಿ ಬೇಗ ಬದಲಾಯಿಸಿ.

ಸರ್ವಿಸ್‌ಗೆ ಬಿಡುವಾಗ ಮಣ್ಣಿನಲ್ಲಿ ಓಡಿಸಿದ ಬೈಕ್ ಅಂತ ಬಾಯಿಬಿಟ್ಟು ಹೇಳಿ. ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್, ಹಿಂದಿನ ಶಾಕ್‌ಗೆ ಲಿಂಕೇಜ್ (ಜೋಡಿಸುವ ಕೊಂಡಿಗಳು) ಇದ್ದರೆ ಅದು, ಕೋನ್ ಸೆಟ್, ಇವು ಮೂರನ್ನೂ ಮಾಮೂಲಿ ಸರ್ವಿಸ್‌ನಲ್ಲಿ ಬಿಚ್ಚುವುದಿಲ್ಲ. ಮಳೆಗಾಲ ಮುಗಿದ ಮೇಲೆ, ದಸರಾ ಆಯುಧ ಪೂಜೆಗೆ ಹೇಗೂ ಬೈಕ್ ಚೆನ್ನಾಗಿ ತೊಳೆಯುತ್ತೀರಲ್ಲ, ಅದರ ಹಿಂದಿನ ವಾರ ಈ ಮೂರನ್ನೂ ಬಿಚ್ಚಿಸಿ, ಹಳೇ ಗ್ರೀಸ್ ಒರೆಸಿ ಹೊಸದು ಹಾಕಿಸಿ. ಜೊತೆಗೆ ಬ್ರೇಕ್ ಪ್ಯಾಡ್ ಹೊರಗೆ ತೆಗೆಸಿ ಪಿನ್ ತುಕ್ಕು ಹಿಡಿದಿದೆಯಾ ನೋಡಿ, ಕ್ಲಚ್ ಕೇಬಲ್ ಒಳಗೆ ಎಣ್ಣೆ ಇಳಿಸಿ, ಬ್ಯಾಟರಿ ಟರ್ಮಿನಲ್‌ಗೆ ವ್ಯಾಸಲಿನ್ ಸವರಿ.